ಕೆಂಪು ನಕ್ಷೆ ಕೊನೆಗೆ, ಕ್ರಯಪತ್ರ ಮೊದಲು: ನಗರ ಮತ್ತು ಜನಾಂಗದ ಇತಿಹಾಸವನ್ನು ನಾನು ಬರೆಯುವ ಬಗೆ

ಅಮೆರಿಕದ ನಗರಗಳಲ್ಲಿ ಜನಾಂಗಭೇದ ಹೇಗೆ ಬೇರೂರಿತು ಎಂದು ಅಧ್ಯಯನಕ್ಕೆ ಇಳಿದವರು ಮೊದಲು ತೆರೆಯುವುದು ಒಂದು ಬಣ್ಣದ ನಕ್ಷೆ. 1930ರ ದಶಕದಲ್ಲಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಶನ್ ಎಂಬ ಸರ್ಕಾರಿ ಸಂಸ್ಥೆ 200ಕ್ಕೂ ಹೆಚ್ಚು ನಗರಗಳಿಗೆ ಇಂಥ ನಕ್ಷೆ ಮಾಡಿಸಿತು; ಯಾವ ಬಡಾವಣೆಯಲ್ಲಿ ಮನೆಸಾಲ ಕೊಡುವುದು ಎಷ್ಟು ಕ್ಷೇಮ ಎಂದು ಬಣ್ಣ ಹೇಳುತ್ತದೆ. ಹಸಿರು ಅಂದರೆ ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ರಿಚ್ಮಂಡ್ ವಿಶ್ವವಿದ್ಯಾಲಯದವರು ಇವನ್ನು ಗಣಕಕ್ಕೆ ಏರಿಸಿರುವುದರಿಂದ ಈಗ ಮನೆಯಲ್ಲೇ ಕೂತು ನೋಡಬಹುದು. ಕಪ್ಪು ಜನ ಇದ್ದ ಕಡೆಯೆಲ್ಲ ಕೆಂಪು, ಎರಡು ನಿಮಿಷದಲ್ಲಿ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ. ಆಮೇಲೆ ಎರಡು ವರ್ಷ ಅದೇ ಗುಂಗು.

ನಾನು ಆ ನಕ್ಷೆಯನ್ನು ಕೊನೆಗೆ ತೆರೆಯುತ್ತೇನೆ. ಮೊದಲ ಕಾರಣ ತಾರೀಕು. ಆ ಸಂಸ್ಥೆ ಹುಟ್ಟಿದ್ದು 1933ರಲ್ಲಿ, ಸುಮಾರು 10 ಲಕ್ಷ ಸಾಲ ಕೊಟ್ಟು 1936ರಲ್ಲಿ ಸಾಲದ ಬಾಗಿಲು ಮುಚ್ಚಿತು. ನಕ್ಷೆಯ ಕೆಲಸ ನಡೆದದ್ದು 1935ರಿಂದ 1940ರವರೆಗೆ. ಅಂದರೆ ಅದರ ಹೆಚ್ಚಿನ ಸಾಲಗಳು ನಕ್ಷೆಗಿಂತ ಮೊದಲೇ ಹೋಗಿದ್ದವು, ಕೆಂಪು ಪ್ರದೇಶದವರಿಗೂ ಹೋಗಿದ್ದವು. ‘ನಕ್ಷೆ ಬರೆದರು, ಆದ್ದರಿಂದ ಸಾಲ ಸಿಗಲಿಲ್ಲ’ ಎಂದು ಬರೆದ ಪ್ರಬಂಧ ಈ ತಾರೀಕುಗಳಿಗೆ ತಾಗಿದ ಕೂಡಲೇ ಬೀಳುತ್ತದೆ. ಎರಡನೆಯ ಕಾರಣ ಅಳತೆ. ನಕ್ಷೆ ನೂರಾರು ಮನೆಗೆ ಒಂದೇ ಬಣ್ಣ ಬಳಿಯುತ್ತದೆ. ಭೇದ ಕೆಲಸ ಮಾಡಿದ್ದು ಒಂದೊಂದು ನಿವೇಶನದ ಮೇಲೆ, ಒಂದೊಂದು ಸಹಿಯ ಮೂಲಕ. ಹಾಗಾಗಿ ನಿವೇಶನದಿಂದ ಹೊರಟು ಮೇಲಕ್ಕೆ ಹೋಗುವುದು ನನ್ನ ದಾರಿ. ಶಿಕಾಗೊದ ಸೌತ್ ಸೈಡನ್ನೇ ಉದಾಹರಣೆಗೆ ಇಟ್ಟುಕೊಂಡು ಆ ದಾರಿಯನ್ನು ಬಿಡಿಸಿ ಹೇಳುತ್ತೇನೆ.

ಎಷ್ಟು ಜಾಗ ಹಿಡಿಯಬೇಕು

ಶಿಕಾಗೊದಲ್ಲಿ ಮಾದರಿ ಬ್ಲಾಕು 330 ಅಡಿಗೆ 660 ಅಡಿ, ಮಾದರಿ ನಿವೇಶನ 25 ಅಡಿಗೆ 125 ಅಡಿ. ಬೀದಿಯ ಅಗಲ ಕಳೆದರೆ ಒಂದು ಮಗ್ಗುಲಿಗೆ 23–24 ನಿವೇಶನ, ಬ್ಲಾಕಿಗೆ 46–48. ಒಬ್ಬರೇ ಕೆಲಸ ಮಾಡುವುದಾದರೆ ನಾಲ್ಕು ಬ್ಲಾಕು, 1910ರಿಂದ 1950ರವರೆಗಿನ ಐದು ಗಣತಿ — ಇದಕ್ಕಿಂತ ಹೆಚ್ಚು ಹಿಡಿಯಬೇಡಿ. ಸುಮಾರು 190 ನಿವೇಶನದ ಕಥೆ ಪೂರ್ತಿ ಸಿಕ್ಕರೆ ಒಂದು ಅಧ್ಯಾಯಕ್ಕೂ ಒಂದು ಲೇಖನಕ್ಕೂ ಸಾಕು. ಇಡೀ ವಾರ್ಡು ಹಿಡಿದವರು ಮೂರನೆಯ ವರ್ಷ ಅರ್ಧ ತುಂಬಿದ ಕೋಷ್ಟಕದೊಂದಿಗೆ ಕೂತಿರುತ್ತಾರೆ.

ಯಾವ ನಾಲ್ಕು? ಅಂಚಿನವು. ಆ ಕಾಲದಲ್ಲಿ ‘ಬ್ಲ್ಯಾಕ್ ಬೆಲ್ಟ್’ ಅನ್ನಿಸಿಕೊಂಡಿದ್ದ, ಕಪ್ಪು ಜನ ನೆಲೆಸಿದ್ದ ಪಟ್ಟಿ ಪಶ್ಚಿಮಕ್ಕೆ ವೆಂಟ್‌ವರ್ತ್ ಅವೆನ್ಯೂ, ಪೂರ್ವಕ್ಕೆ ಕಾಟೇಜ್ ಗ್ರೋವ್ ಅವೆನ್ಯೂ ನಡುವೆ ಸಿಕ್ಕಿಕೊಂಡಿತ್ತು. ನಗರದ ಕಪ್ಪು ಜನಸಂಖ್ಯೆ 1910ರಲ್ಲಿ 44,103, 1920ರಲ್ಲಿ 1,09,458, 1930ರಲ್ಲಿ 2,33,903, 1950ರಲ್ಲಿ 4,92,265. ಜನ ಹತ್ತು ಪಾಲಿಗಿಂತ ಹೆಚ್ಚಾದರು, ಜಾಗ ಆ ಲೆಕ್ಕದಲ್ಲಿ ಹಿಗ್ಗಲಿಲ್ಲ. ಪಟ್ಟಿಯ ನಡುವಿನ ಬ್ಲಾಕು ಹಿಡಿದರೆ ದಟ್ಟಣೆ ಕಾಣುತ್ತದೆ. ತಡೆ ಕಾಣಬೇಕಾದರೆ ಅಂಚಿಗೇ ಹೋಗಬೇಕು. ಗೆರೆಯ ಆಚೆ ಎರಡು, ಈಚೆ ಎರಡು.

ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲೊಂದು ತೊಡಕು. ನಾವು ‘ಜನಾಂಗ’ ಅನ್ನುತ್ತೇವೆ. ಆದರೆ ‘ನಮ್ಮ ಜನಾಂಗದವರು’ ಅಂದಾಗ ನಮ್ಮೂರಿನಲ್ಲಿ ಅದು ಜಾತಿ. ‘ವರ್ಣ’ ಅಂದರೆ ಚಾತುರ್ವರ್ಣ್ಯ ಮೂಗು ತೂರಿಸುತ್ತದೆ. ನಾನು ಟಿಪ್ಪಣಿಯಲ್ಲಿ ಅನುವಾದಿಸುವುದಿಲ್ಲ. ದಾಖಲೆಯಲ್ಲಿ ಯಾವ ಪದ ಇದೆಯೋ ಅದನ್ನೇ ಉದ್ಧರಣ ಚಿಹ್ನೆಯೊಳಗೆ ಇಡುತ್ತೇನೆ. ‘ನೀಗ್ರೊ’ ಎಂದಿದ್ದರೆ ನೀಗ್ರೊ, ‘ಕಲರ್ಡ್’ ಎಂದಿದ್ದರೆ ಕಲರ್ಡ್. ನನ್ನ ವಾಕ್ಯದಲ್ಲಿ ಮಾತ್ರ ‘ಕಪ್ಪು ಜನ’. ಪದ ಬದಲಾದ ವರ್ಷವೇ ಒಮ್ಮೊಮ್ಮೆ ಪುರಾವೆ. ಅನುವಾದದಲ್ಲಿ ಅದು ಅಳಿಸಿಹೋಗುತ್ತದೆ.

ವಿಳಾಸ ಎಂಬ ಬಲೆ

1909ರ ಸೆಪ್ಟೆಂಬರ್ 1ರಂದು ಶಿಕಾಗೊ ಮನೆಸಂಖ್ಯೆಗಳನ್ನು ಹೊಸದಾಗಿ ಹಾಕಿತು. ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಮೂಲೆಯೇ ಸೊನ್ನೆ. ಅಲ್ಲಿಂದ ಮೈಲಿಗೆ 800 ಸಂಖ್ಯೆ. ಉತ್ತರ ಮತ್ತು ಪಶ್ಚಿಮ ಮಗ್ಗುಲಿಗೆ ಸಮಸಂಖ್ಯೆ, ದಕ್ಷಿಣ ಮತ್ತು ಪೂರ್ವಕ್ಕೆ ಬೆಸ. ದಕ್ಷಿಣ ದಿಕ್ಕಿನ ಮೊದಲ ಮೂರು ಮೈಲಿ ಈ ಲೆಕ್ಕಕ್ಕೆ ಬಗ್ಗುವುದಿಲ್ಲ: ಮೊದಲ ಮೈಲಿ 12ನೇ ಬೀದಿಗೆ, ಎರಡನೆಯದು 22ಕ್ಕೆ, ಮೂರನೆಯದು 31ಕ್ಕೆ. ಆಮೇಲೆ 39, 47, 55, 63 ಎಂದು ಎಂಟೆಂಟರ ನಡಿಗೆ. ಪೂರ್ವ–ಪಶ್ಚಿಮ ಬೀದಿಗಳಲ್ಲಿ ಹಳೆಯ ಸಂಖ್ಯೆಗೂ ಹೊಸದಕ್ಕೂ ಅಜಗಜಾಂತರ. 1900ರ ಗಣತಿಯ ಮನೆಯನ್ನು 1910ರ ಅದೇ ಸಂಖ್ಯೆಯ ಮನೆಗೆ ಜೋಡಿಸಿದರೆ ಯಾರದೋ ಮನೆಗೆ ಯಾರನ್ನೋ ಒಕ್ಕಲು ಮಾಡಿದ ಹಾಗೆ. ಹಳೆ–ಹೊಸ ಸಂಖ್ಯೆಗಳ ಪಟ್ಟಿ 1909ರಲ್ಲೇ ಅಚ್ಚಾಗಿದೆ; ಅದಿಲ್ಲದೆ ಕೋಷ್ಟಕ ಶುರುಮಾಡಬೇಡಿ. ಡೆಟ್ರಾಯ್ಟ್ ಹಿಡಿಯುವವರಿಗೆ ಇದೇ ಗಂಡಾಂತರ 1921ರಲ್ಲಿ.

ಬೀದಿಯ ಹೆಸರೂ ನಿಲ್ಲುವುದಿಲ್ಲ. 12ನೇ ಬೀದಿ ರೂಸ್ವೆಲ್ಟ್ ರಸ್ತೆಯಾಯಿತು, 22ನೆಯದು ಸರ್ಮಾಕ್ ರಸ್ತೆ, 39ನೆಯದು ಪರ್ಶಿಂಗ್ ರಸ್ತೆ. ಗ್ರ್ಯಾಂಡ್ ಬುಲೆವಾರ್ಡ್ ಎಂಬುದು ಸೌತ್ ಪಾರ್ಕ್‌ವೇ ಆಗಿ, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್ ಆಯಿತು. ಕೋಷ್ಟಕದಲ್ಲಿ ಮೂರು ಕಂಬಸಾಲು ಇಡಿ: ದಾಖಲೆಯಲ್ಲಿ ಇದ್ದ ವಿಳಾಸ, 1909ರ ನಂತರದ ವಿಳಾಸ, ಇಂದಿನ ವಿಳಾಸ. ಮೊದಲನೆಯದನ್ನು ಯಾವ ಕಾರಣಕ್ಕೂ ತಿದ್ದಬಾರದು.

ಗಣತಿಯ ಹಾಳೆ

ವ್ಯಕ್ತಿಗಳ ಹೆಸರಿರುವ ಗಣತಿ ಹಾಳೆ 72 ವರ್ಷದ ಮೇಲೆ ಸಾರ್ವಜನಿಕವಾಗುತ್ತದೆ. 1940ರದು 2012ರಲ್ಲಿ, 1950ರದು 2022ರ ಏಪ್ರಿಲ್ 1ರಂದು ಹೊರಬಂತು. 1890ರದರಲ್ಲಿ ಬಹುಪಾಲು 1921ರ ಬೆಂಕಿಯಿಂದಾಗಿ ಹೋಯಿತು. ಅದನ್ನು ಹುಡುಕಿ ಕಾಲ ಕಳೆಯಬೇಡಿ.

1940ರ ಹಾಳೆಯಲ್ಲಿ ಪುಟಕ್ಕೆ 40 ಸಾಲು. ಎಡ ಅಂಚಿನಲ್ಲಿ ಉದ್ದಕ್ಕೆ ಬರೆದದ್ದು ಬೀದಿ, ಎರಡನೇ ಕಲಮು ಮನೆಸಂಖ್ಯೆ, ನಾಲ್ಕು ಸ್ವಂತವೋ ಬಾಡಿಗೆಯೋ, ಐದು ಮನೆಯ ಬೆಲೆ ಅಥವಾ ತಿಂಗಳ ಬಾಡಿಗೆ, ಹತ್ತು ಜನಾಂಗ, 17ರಿಂದ 20 ಐದು ವರ್ಷದ ಹಿಂದೆ ಎಲ್ಲಿದ್ದರು ಎಂಬುದು, 32 ವರ್ಷದ ಕೂಲಿ. ನಾನು ಎಲ್ಲ ಕಲಮನ್ನೂ ತುಂಬುವುದಿಲ್ಲ, ಹದಿನಾಲ್ಕು ಸಾಕು. ಹಾಗೆ ಮಾಡಿದರೆ ಒಂದು ಪುಟಕ್ಕೆ 25 ನಿಮಿಷ, ಎಲ್ಲ ತುಂಬಿದರೆ ಮುಕ್ಕಾಲು ಗಂಟೆ. ಹೆಸರಿನ ಪಕ್ಕ ವೃತ್ತದೊಳಗೆ ಗುಣಿಸು ಚಿಹ್ನೆ ಇದ್ದರೆ ಗಣತಿದಾರನಿಗೆ ಮಾಹಿತಿ ಕೊಟ್ಟವರು ಅವರು. ಅದನ್ನು ತಪ್ಪದೆ ಬರೆದುಕೊಳ್ಳಿ: ಬಾಡಿಗೆದಾರನ ವಯಸ್ಸು, ಕೂಲಿಯನ್ನು ಮನೆಯೊಡತಿ ಹೇಳಿದ್ದರೆ ಆ ಅಂಕಿಗೆ ಅಷ್ಟೇ ಬೆಲೆ.

ಹಾಳೆಗಳನ್ನು ಹುಡುಕುವುದು ಹೆಸರಿನಿಂದ ಅಲ್ಲ, ಗಣತಿ ಜಿಲ್ಲೆಯ ಸಂಖ್ಯೆಯಿಂದ. ಶಿಕಾಗೊದ 1940ರ ಜಿಲ್ಲೆಗಳೆಲ್ಲ 103 ಎಂದು ಶುರುವಾಗುತ್ತವೆ. ವಿಳಾಸ ಕೊಟ್ಟರೆ ಜಿಲ್ಲೆ ಹೇಳುವ ಉಚಿತ ಉಪಕರಣವನ್ನು ಸ್ಟೀವ್ ಮೋರ್ಸ್ ಮಾಡಿಟ್ಟಿದ್ದಾರೆ. ಜಿಲ್ಲೆ ಸಿಕ್ಕಮೇಲೆ ಹೊಸಬರು ಮಾಡುವ ತಪ್ಪು ಒಂದೇ: ತಮ್ಮ ಬ್ಲಾಕು ಮುಗಿದ ಪುಟದಲ್ಲೇ ನಿಲ್ಲಿಸುವುದು. ಮೊದಲ ಸಲ ಹೋದಾಗ ಮನೆಯಲ್ಲಿ ಸಿಗದವರನ್ನು 61ನೇ ಹಾಳೆಯಿಂದ ಮುಂದೆ ಬರೆದಿದ್ದಾರೆ, ವಸತಿಗೃಹದ ತಂಗಿಗರನ್ನು 81ರಿಂದ ಮುಂದೆ. ಹಗಲೂ ರಾತ್ರಿ ಪಾಳಿಯಲ್ಲಿ ದುಡಿಯುವವರು, ಒಂಟಿ ಗಂಡಸರು ಇರುವುದು ಅಲ್ಲೇ. ಅವನ್ನು ಬಿಟ್ಟರೆ ನಿಮ್ಮ ಬ್ಲಾಕು ಇದ್ದದ್ದಕ್ಕಿಂತ ಹೆಚ್ಚು ಸಂಸಾರವಂತವಾಗಿ ಕಾಣುತ್ತದೆ.

ಜನಾಂಗದ ಕಲಮಿನ ಬಗ್ಗೆ ಸ್ವಲ್ಪ ನಿಲ್ಲಬೇಕು. 1960ರ ಗಣತಿಯಲ್ಲಿ ಜನರೇ ತಮ್ಮ ಹಾಳೆ ತುಂಬುವ ಪದ್ಧತಿ ಬರುವ ತನಕ ಆ ಕಲಮಿಗೆ ಬಿದ್ದದ್ದು ಗಣತಿದಾರನ ಕಣ್ಣಿಗೆ ಕಂಡದ್ದು. 1910 ಮತ್ತು 1920ರಲ್ಲಿ ಮಿಶ್ರ ಸಂತಾನಕ್ಕೆ ‘ಮು’ ಎಂಬ ಗುರುತಿತ್ತು, 1930ರಲ್ಲಿ ಅದು ಹೋಯಿತು. ‘ಮೆಕ್ಸಿಕನ್’ ಎಂಬುದು 1930ರಲ್ಲಿ ಮಾತ್ರ ಬಂದು 1940ರಲ್ಲಿ ಮಾಯವಾಯಿತು. ಹೀಗಾಗಿ ಒಬ್ಬರ ಗುರುತು ಬದಲಾಗಿದ್ದರೆ ಆ ವ್ಯಕ್ತಿ ‘ಬಿಳಿಯನಾಗಿ ದಾಟಿಹೋದ’ ಎಂದು ಕಥೆ ಕಟ್ಟುವ ಮುನ್ನ ಆಯಾ ವರ್ಷದ ಗಣತಿದಾರರ ಕೈಪಿಡಿ ತೆರೆಯಿರಿ. ನಮಗೆ ಸೋಜಿಗದ ಇನ್ನೊಂದು ಗುರುತು ‘ಹಿಂ’ — 1920ರಿಂದ 1940ರವರೆಗೆ ‘ಹಿಂದೂ’ ಎಂಬುದು ಅಮೆರಿಕದ ಗಣತಿಯಲ್ಲಿ ಒಂದು ಜನಾಂಗ. ಪಂಜಾಬಿನ ಸಿಖ್ಖನೂ ಬಂಗಾಳದ ಮುಸ್ಲಿಂ ಹಡಗಾಳೂ ಆ ಲೆಕ್ಕದಲ್ಲಿ ಹಿಂದೂವೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವದ ಕಾನೂನಿನ ಮಟ್ಟಿಗೆ ಬಿಳಿಯರಲ್ಲ ಎಂದಿತ್ತು. ನ್ಯೂಯಾರ್ಕಿನ ಹಾರ್ಲೆಮ್, ಡೆಟ್ರಾಯ್ಟಿನ ಬ್ಲ್ಯಾಕ್ ಬಾಟಮ್ ಕೇರಿಗಳಲ್ಲಿ ಕಪ್ಪು ಕುಟುಂಬಗಳ ನಡುವೆ ಮದುವೆ ಮಾಡಿಕೊಂಡು ನೆಲೆಸಿದ ಬಂಗಾಳಿಗಳನ್ನು ಹುಡುಕುವವರು ‘ಹಿಂ’ ಒಂದನ್ನೇ ಸೋಸಿದರೆ ಅರ್ಧ ಜನ ತಪ್ಪಿಹೋಗುತ್ತಾರೆ. ಹುಟ್ಟಿದ ಸ್ಥಳದ ಕಲಮಿನಿಂದ ಸೋಸಬೇಕು.

ಎಣಿಕೆಯೇ ತಪ್ಪಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1940ರ ಅಕ್ಟೋಬರ್ 16ರ ಸೈನ್ಯ ನೋಂದಣಿಯೊಂದಿಗೆ ಅದೇ ವರ್ಷದ ಗಣತಿಯನ್ನು ಹೋಲಿಸಿದಾಗ 21ರಿಂದ 35 ವಯಸ್ಸಿನ ಕಪ್ಪು ಗಂಡಸರಲ್ಲಿ ಸುಮಾರು ಶೇ 13 ಮಂದಿ ಗಣತಿಗೆ ಸಿಕ್ಕಿರಲಿಲ್ಲ. ಒಟ್ಟಾರೆ ಗಂಡಸರಲ್ಲಿ ಇದು ಸುಮಾರು ಶೇ 3. ‘ಈ ಬ್ಲಾಕಿನಲ್ಲಿ ಗಂಡಸರಿಲ್ಲದ ಸಂಸಾರ ಜಾಸ್ತಿ’ ಎಂಬ ತೀರ್ಮಾನವನ್ನು ಈ ಅಂಕಿ ನೋಡದೆ ಬರೆಯಬೇಡಿ.

ಕೋಣೆಗಳ ಲೆಕ್ಕ ಬೇಕೆನ್ನುವವರಿಗೆ ಒಂದು ನಿರಾಸೆ. 1940ರಲ್ಲಿ ಪ್ರತಿ ಮನೆಗೂ ಬೇರೆ ವಸತಿ ಹಾಳೆ ತುಂಬಿದ್ದರು, ಅವನ್ನೆಲ್ಲ ನಾಶಮಾಡಿದ್ದಾರೆ. ಉಳಿದದ್ದು 50,000ಕ್ಕಿಂತ ದೊಡ್ಡ ನಗರಗಳಿಗೆ ಅಚ್ಚಾದ ಬ್ಲಾಕುವಾರು ಅಂಕಿಅಂಶ: ಎಷ್ಟು ವಾಸದ ಘಟಕ, ಎಷ್ಟರಲ್ಲಿ ಬಿಳಿಯರಲ್ಲದವರು, ಸರಾಸರಿ ಬಾಡಿಗೆ, ದೊಡ್ಡ ದುರಸ್ತಿ ಬೇಕಾದವು ಎಷ್ಟು. ಈ ‘ಘಟಕ’ದ ಅಂಕಿಯನ್ನು ಅಗ್ನಿವಿಮೆ ನಕ್ಷೆಯ ಜೊತೆ ಇಟ್ಟು ನೋಡಿದರೆ ಕಿಚನೆಟ್ ಬಯಲಾಗುತ್ತದೆ. ಆರು ಕೋಣೆಯ ಒಂದು ಮನೆಯನ್ನು ಒಂದೊಂದು ಕೋಣೆಯ ಆರು ಸಂಸಾರಕ್ಕೆ ಸೀಳಿ, ಕೋಣೆಗೊಂದು ಒಲೆ ಇಟ್ಟು, ವಾರದ ಬಾಡಿಗೆ ವಸೂಲಿ ಮಾಡುತ್ತಿದ್ದ ವ್ಯವಸ್ಥೆ ಅದು. ನಕ್ಷೆಯಲ್ಲಿ ಮೂರು ಫ್ಲಾಟು, ಗಣತಿಯಲ್ಲಿ ಹದಿನೆಂಟು ಸಂಸಾರ ಇದ್ದರೆ ಅಲ್ಲಿ ಕಿಚನೆಟ್ ಇದೆ.

ಅಗ್ನಿವಿಮೆ ನಕ್ಷೆ

ಸ್ಯಾನ್‌ಬಾರ್ನ್ ಕಂಪನಿಯ ನಕ್ಷೆಗಳು ಅಂಗುಲಕ್ಕೆ 50 ಅಡಿಯ ಅಳತೆಯವು. ಗುಲಾಬಿ ಇಟ್ಟಿಗೆ ಕಟ್ಟಡ, ಹಳದಿ ಮರದ್ದು, ನೀಲಿ ಕಲ್ಲಿನದ್ದು. ‘ಡಿ’ ಮನೆ, ‘ಎಸ್’ ಅಂಗಡಿ, ‘ಎಫ್’ ಫ್ಲಾಟು. ಕಪ್ಪು–ಬಿಳುಪು ಮೈಕ್ರೋಫಿಲ್ಮ್ ಪ್ರತಿ ಹಿಡಿದರೆ ಬಣ್ಣವೇ ಹೋಗುವುದರಿಂದ ಅರ್ಧ ಮಾಹಿತಿ ಹೋದಂತೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಬಣ್ಣದ ಪ್ರತಿಯನ್ನು ಹುಡುಕಿ. ಇನ್ನೊಂದು ಮೋಸ: ಹೊಸ ಕಟ್ಟಡ ಬಂದಾಗ ಕಂಪನಿ ಹೊಸ ನಕ್ಷೆ ಅಚ್ಚುಹಾಕುತ್ತಿರಲಿಲ್ಲ, ಹಳೆಯದರ ಮೇಲೆ ಚೀಟಿ ಅಂಟಿಸುತ್ತಿತ್ತು. ಸಂಪುಟದ ಮೇಲೆ ಒಂದು ವರ್ಷ ಇದ್ದರೂ ನೀವು ನೋಡುತ್ತಿರುವುದು ಹತ್ತಿಪ್ಪತ್ತು ವರ್ಷ ಆಚಿನ ಕಟ್ಟಡವಾಗಿರಬಹುದು. ಮೊದಲ ಪುಟದ ತಿದ್ದುಪಡಿ ಪಟ್ಟಿ ನೋಡಿ ತಾರೀಕು ಹಾಕಿಕೊಳ್ಳಿ. ದಕ್ಷಿಣದ ಊರುಗಳ ಹಾಳೆಗಳಲ್ಲಿ ‘ನೀಗ್ರೊ ಮನೆಗಳು’ ಎಂದೇ ಬರೆದಿರುತ್ತದೆ, ಶಿಕಾಗೊದಲ್ಲಿ ಆ ಸುಲಭ ಇಲ್ಲ.

ಇದನ್ನು ಇಂದಿನ ನಕ್ಷೆಗೆ ಕೂರಿಸಲು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ ಸಾಕು. ಹಾಳೆಗೆ 10–12 ಹೊಂದಾಣಿಕೆ ಬಿಂದು ಕೊಡುತ್ತೇನೆ: ಬೀದಿಗಳು ಕೂಡುವ ಮೂಲೆ, ಹಳೆಯ ಚರ್ಚಿನ ಮೂಲೆ, ರೈಲುದಾರಿ. ಲೆಕ್ಕಕ್ಕೆ ಮೂರೇ ಬಿಂದು ಸಾಕಾದರೂ ತಪ್ಪು ಎಷ್ಟಿದೆ ಎಂದು ಅದರಲ್ಲಿ ಗೊತ್ತಾಗುವುದಿಲ್ಲ. ಸರೋವರದ ದಡವನ್ನು ಬಿಂದುವಾಗಿ ಹಿಡಿಯಬೇಡಿ, ಮಣ್ಣು ತುಂಬಿ ದಡವೇ ಸರಿದಿದೆ. ನಕ್ಷೆಯ ಮಾಪನ ವ್ಯವಸ್ಥೆ 3435 (ಇಲಿನಾಯ್ ಪೂರ್ವ, ಅಡಿಗಳಲ್ಲಿ) ಇಟ್ಟರೆ ನಿವೇಶನದ ಅಳತೆ ನೇರವಾಗಿ ಅಡಿಯಲ್ಲೇ ಸಿಗುತ್ತದೆ. ಮುಂದಿನ ಕೆಲಸಕ್ಕೆ ಅಡಿಯೇ ಬೇಕು.

ನೋಂದಣಿ ಕಚೇರಿ

ನಿಜವಾದ ಇತಿಹಾಸ ಇರುವುದು ಇಲ್ಲಿ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸಿ ಗೊತ್ತಿರುವವರಿಗೆ ಕುಕ್ ಕೌಂಟಿಯ ಟ್ರ್ಯಾಕ್ಟ್ ಪುಸ್ತಕ ಅರ್ಥವಾಗುವುದು ಕಷ್ಟವಲ್ಲ: ಒಂದು ನಿವೇಶನಕ್ಕೆ ಸಂಬಂಧಿಸಿದ ಕ್ರಯ, ಅಡಮಾನ, ಕರಾರು, ಎಲ್ಲದರ ಪಟ್ಟಿ ತಾರೀಕುವಾರು ಒಂದೇ ಪುಟದಲ್ಲಿ. ಆದರೆ ಅಲ್ಲಿಗೆ ವಿಳಾಸ ಹಿಡಿದು ಹೋದರೆ ಏನೂ ಸಿಗದು. ವಿಳಾಸದಿಂದ 14 ಅಂಕಿಯ ಆಸ್ತಿ ಸಂಖ್ಯೆ. ಅದರಿಂದ ಕಾನೂನು ವಿವರಣೆ, ಅಂದರೆ ನಮ್ಮ ಚಕ್ಕುಬಂದಿಯ ಹಾಗೆ ಸೆಕ್ಷನ್, ಟೌನ್‌ಶಿಪ್, ರೇಂಜ್, ಬಡಾವಣೆ, ಬ್ಲಾಕು, ನಿವೇಶನ. ಅದರಿಂದ ಪುಸ್ತಕದ ಪುಟ. ಪುಟದಿಂದ ದಸ್ತಾವೇಜು ಸಂಖ್ಯೆ. ಆ ಸಂಖ್ಯೆಯಿಂದ ಮೈಕ್ರೋಫಿಲ್ಮ್. ಈ ಐದು ಮೆಟ್ಟಿಲನ್ನು ಊರು ಬಿಡುವ ಮೊದಲೇ ಅರ್ಧ ಹತ್ತಿರಬೇಕು. 1871ರ ಮಹಾ ಬೆಂಕಿಯಲ್ಲಿ ಕೌಂಟಿಯ ದಾಖಲೆಗಳು ಸುಟ್ಟವು, ಆದ್ದರಿಂದ ಅದರ ಹಿಂದಕ್ಕೆ ಹೋಗಲಾಗದು. ನಡುವೆ ಪಟ್ಟಿ ಥಟ್ಟನೆ ನಿಂತಿದ್ದರೆ ಆ ನಿವೇಶನ ಆಗ ಇದ್ದ ಟೊರೆನ್ಸ್ ಎಂಬ ಬೇರೆ ನೋಂದಣಿಗೆ ಹೋಗಿರಬಹುದು, ಅದರ ದಾಖಲೆ ವಿಚಾರಿಸಿ.

ನೀವು ಹುಡುಕುವುದು ಜನಾಂಗ ನಿರ್ಬಂಧದ ಕರಾರು. ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ ಎಂದು ಬ್ಲಾಕಿನ ಮಾಲೀಕರು ಪರಸ್ಪರ ಬರೆದುಕೊಂಡ ಪತ್ರ. 1917ರಲ್ಲಿ ಬ್ಯುಕ್ಯಾನನ್ ಮೊಕದ್ದಮೆಯಲ್ಲಿ ನಗರಸಭೆಗಳು ಜನಾಂಗವಾರು ವಲಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಈ ಖಾಸಗಿ ದಾರಿ ಹೆಚ್ಚಿತು. ಶಿಕಾಗೊ ರಿಯಲ್ ಎಸ್ಟೇಟ್ ಬೋರ್ಡಿಗಾಗಿ ವಕೀಲ ನೇಥನ್ ಮ್ಯಾಕ್‌ಚೆಸ್ನಿ 1927ರಲ್ಲಿ ಇದಕ್ಕೊಂದು ಮಾದರಿ ನಮೂನೆಯನ್ನೇ ಬರೆದುಕೊಟ್ಟರು. ಪೂರ್ವಿಕರಲ್ಲಿ ಎಂಟನೇ ಒಂದು ಪಾಲು ಇದ್ದರೂ ‘ನೀಗ್ರೊ’ ಎಂಬ ವ್ಯಾಖ್ಯೆ ಅದರಲ್ಲಿತ್ತು. ಜೊತೆಗೊಂದು ವಿನಾಯಿತಿ: ಕಾವಲುಗಾರ, ಡ್ರೈವರು, ಮನೆಯಾಳು ನೆಲಮಾಳಿಗೆಯಲ್ಲೋ ಹಿತ್ತಲ ಗ್ಯಾರೇಜಿನಲ್ಲೋ ಇರಬಹುದು. ಗಣತಿಯಲ್ಲಿ ಬಿಳಿಯ ಬ್ಲಾಕಿನೊಳಗೆ ಒಂಟಿ ಕಪ್ಪು ಕುಟುಂಬ ಕಂಡ ಕೂಡಲೇ ‘ಸಹಬಾಳ್ವೆ’ ಎಂದು ಬರೆಯದೆ, ಉದ್ಯೋಗದ ಕಲಮು ನೋಡಬೇಕಾದದ್ದು ಇದಕ್ಕೇ.

ಟ್ರ್ಯಾಕ್ಟ್ ಪುಸ್ತಕದಲ್ಲಿ ಈ ಕರಾರಿಗೆ ದೊಡ್ಡ ಹೆಸರಿಲ್ಲ, ‘ಅಗ್ರಿಮೆಂಟ್’ ಎಂದಷ್ಟೇ ಇರುತ್ತದೆ. ಗುರುತು ಹಿಡಿಯುವ ಉಪಾಯ: ಅಕ್ಕಪಕ್ಕದ ಹತ್ತಾರು ನಿವೇಶನಗಳ ಪುಟದಲ್ಲಿ ಒಂದೇ ದಿನ, ಒಂದೇ ದಸ್ತಾವೇಜು ಸಂಖ್ಯೆ ಬಂದಿದ್ದರೆ ಅದೇ. ಆ ಸಂಖ್ಯೆ ಇಲ್ಲದ ನಿವೇಶನದವರು ಸಹಿ ಹಾಕಿಲ್ಲ. ನನಗೆ ಸಹಿ ಹಾಕದವರ ಪಟ್ಟಿಯೇ ಹೆಚ್ಚು ಬೆಲೆಯದು.

ಕರಾರು ಸಿಕ್ಕಿತೆಂದು ಜಾರಿಯಲ್ಲಿತ್ತು ಎಂದು ಬರೆಯಬೇಡಿ. ಎಷ್ಟೋ ಕರಾರುಗಳು ಬೀದಿಗೆ ಮುಖಮಾಡಿದ ಒಟ್ಟು ಅಡಿಯಲ್ಲಿ ಇಂತಿಷ್ಟು ಶೇಕಡಾ ಮಾಲೀಕರು ಸಹಿ ಹಾಕಿದರೆ ಮಾತ್ರ ಜಾರಿ ಎಂಬ ಷರತ್ತಿನವು. 24 ನಿವೇಶನ, ತಲಾ 25 ಅಡಿ, ಒಟ್ಟು 600 ಅಡಿ ಎಂದಿಟ್ಟುಕೊಳ್ಳಿ. ಶೇ 95 ಬೇಕಾದರೆ 570 ಅಡಿ. ಇಬ್ಬರು ಸಹಿ ಹಾಕದಿದ್ದರೆ 550, ಅಂದರೆ ಶೇ 91.7, ಕರಾರು ಕಾಗದವಷ್ಟೇ. ಇದು ಬರೀ ಲೆಕ್ಕದ ಆಟವಲ್ಲ. ವಾಷಿಂಗ್ಟನ್ ಪಾರ್ಕ್ ಬಡಾವಣೆಯಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಮನೆ ಕೊಂಡಾಗ ಎದ್ದ ಮೊಕದ್ದಮೆಯ ತಿರುಳೇ ಇದು. ಶೇ 95 ಸಹಿಯಾಗಿದೆ ಎಂದು ಹಿಂದಿನ ಒಂದು ಮೊಕದ್ದಮೆಯಲ್ಲಿ ಎರಡೂ ಕಡೆಯವರು ಒಪ್ಪಿಕೊಂಡುಬಿಟ್ಟಿದ್ದರು. ಅಳೆದು ನೋಡಿದಾಗ ಸುಮಾರು ಶೇ 54 ಇತ್ತು. 1940ರಲ್ಲಿ ಸುಪ್ರೀಂ ಕೋರ್ಟು ಹ್ಯಾನ್ಸ್‌ಬೆರಿ ಪರ ತೀರ್ಪು ಕೊಟ್ಟಿತು. ಅದರ ಆಧಾರ, ಆ ಹಳೆಯ ಮೊಕದ್ದಮೆ ಇವರನ್ನು ಕಟ್ಟಿಹಾಕದು ಎಂಬುದು ಮಾತ್ರ. ಕರಾರೇ ಅಕ್ರಮ ಎಂದು ಅದು ಹೇಳಲಿಲ್ಲ. ಇಂಥ ಕರಾರುಗಳನ್ನು ನ್ಯಾಯಾಲಯ ಜಾರಿ ಮಾಡುವಂತಿಲ್ಲ ಎಂದದ್ದು 1948ರ ಶೆಲ್ಲಿ ತೀರ್ಪು, ಅದು ಸೇಂಟ್ ಲೂಯಿಸ್‌ನ ಮನೆ. ಈ ಎರಡನ್ನು ಕಲಸಿ ಬರೆದ ಲೇಖನಗಳು ಬೇಕಾದಷ್ಟಿವೆ.

ಈಗ ಬೆಲೆ. ನಮ್ಮಲ್ಲಿ ಕ್ರಯಪತ್ರದ ಮೊತ್ತ ನಂಬುವಂತಿಲ್ಲ. ಅಲ್ಲಿ ಮೊತ್ತವೇ ಇರುವುದಿಲ್ಲ. ‘ಹತ್ತು ಡಾಲರು ಮತ್ತು ಇತರ ಪ್ರತಿಫಲ’ ಎಂದು ಬರೆದು ಮುಗಿಸುತ್ತಿದ್ದರು. ದಾರಿ ಒಂದುಂಟು: ಪತ್ರಕ್ಕೆ ಅಂಟಿಸಿದ ಕೇಂದ್ರ ಸರ್ಕಾರದ ತೆರಿಗೆ ಚೀಟಿ. 1932ರಿಂದ 500 ಡಾಲರಿಗೆ 50 ಸೆಂಟ್, 1940ರಿಂದ 1967ರ ಕೊನೆಯವರೆಗೆ 55 ಸೆಂಟ್. ಚೀಟಿಗಳ ಮೊತ್ತ 6.60 ಡಾಲರ್ ಇದ್ದರೆ 12 ಘಟಕ, ಅಂದರೆ 5,500ರ ಮೇಲೆ, 6,000ದೊಳಗೆ. ಆದರೆ ಕೊಂಡವರು ಹಳೆಯ ಅಡಮಾನವನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರೆ ಆ ಮೊತ್ತ ಈ ತೆರಿಗೆಯಲ್ಲಿ ಸೇರುವುದಿಲ್ಲ. ಅದೇ ಪುಟದಲ್ಲಿ ತೀರದ ಅಡಮಾನ ಇದೆಯೇ ನೋಡಿ ಕೂಡಿಸಿಕೊಳ್ಳಬೇಕು. ಕೆಲವರು ಬೆಲೆ ಹೆಚ್ಚು ಕಾಣಲೆಂದು ಬೇಕೆಂತಲೇ ಹೆಚ್ಚು ಚೀಟಿ ಅಂಟಿಸುತ್ತಿದ್ದುದರಿಂದ ಒಂದೇ ಪತ್ರದ ಮೇಲೆ ತೀರ್ಮಾನ ಬೇಡ.

1950ರ ನಂತರದ ಬ್ಲಾಕು ಹಿಡಿದವರಿಗೆ ಎಲ್ಲಕ್ಕಿಂತ ದೊಡ್ಡ ಗುಂಡಿ ಕಂತಿನ ಕರಾರು. ಬ್ಯಾಂಕು ಸಾಲ ಕೊಡದ ಕಪ್ಪು ಕುಟುಂಬ ಮುಂಗಡ ಕೊಟ್ಟು ತಿಂಗಳ ಕಂತಿನ ಮೇಲೆ ಮನೆ ‘ಕೊಳ್ಳುತ್ತಿತ್ತು’. ಕೊನೆಯ ಕಂತಿನವರೆಗೆ ಹಕ್ಕು ಮಾರುವವನದೇ. ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ್ದೂ ಹೋಯಿತು. ಇಂಥ ಕರಾರುಗಳನ್ನು ಬಹುಮಟ್ಟಿಗೆ ನೋಂದಾಯಿಸುತ್ತಿರಲಿಲ್ಲ — ನಮ್ಮಲ್ಲಿ ಜಿ.ಪಿ.ಎ. ಮೇಲೆ ಕೈಬದಲಾದ ಸೈಟು ಇ.ಸಿ.ಯಲ್ಲಿ ಕಾಣದ ಹಾಗೆ. ಟ್ರ್ಯಾಕ್ಟ್ ಪುಸ್ತಕ ಮಾತ್ರ ನಂಬಿದರೆ ಕಪ್ಪು ಜನರೇ ಕಂತು ಕಟ್ಟುತ್ತಿದ್ದ ಬೀದಿಯನ್ನು ಬಿಳಿಯ ಮಾಲೀಕರ ಬಾಡಿಗೆ ಬೀದಿ ಎಂದು ಬರೆದುಬಿಡುತ್ತೀರಿ. ಇದರ ಸುಳಿವು ಸಿಗುವುದು ನ್ಯಾಯಾಲಯದ ಒಕ್ಕಲೆಬ್ಬಿಸುವ ಮೊಕದ್ದಮೆಗಳಲ್ಲಿ: ಒಂದೇ ವಾದಿಯ ಹೆಸರು ಹಲವು ವಿಳಾಸಗಳ ಮೇಲೆ ಮತ್ತೆ ಮತ್ತೆ ಬರುತ್ತದೆ, ಕಡತದಲ್ಲಿ ಕರಾರಿನ ಪ್ರತಿ ಲಗತ್ತಾಗಿರುತ್ತದೆ. ವಾದಿ ಆ ಮನೆಯನ್ನು ಎಷ್ಟಕ್ಕೆ ಕೊಂಡ ಎಂಬುದು ತೆರಿಗೆ ಚೀಟಿಯಿಂದ, ಎಷ್ಟಕ್ಕೆ ಮಾರಿದ ಎಂಬುದು ಕರಾರಿನಿಂದ. ನಡುವಿನ ವ್ಯತ್ಯಾಸವೇ ಜನಾಂಗದ ತೆರಿಗೆ, ಡಾಲರು–ಸೆಂಟಿನಲ್ಲಿ. 1968ರಲ್ಲಿ ಲಾಂಡೇಲ್ ಭಾಗದಲ್ಲಿ ಕಂತಿನ ಕೊಳ್ಳುಗರು ಸಂಘ ಕಟ್ಟಿ ಹೋರಾಡಿದ್ದು ಈ ವ್ಯತ್ಯಾಸಕ್ಕಾಗಿಯೇ.

ಪತ್ರಿಕೆ, ಮತ್ತೆ ಆ ನಕ್ಷೆ

1905ರಲ್ಲಿ ರಾಬರ್ಟ್ ಅಬಟ್ ಶುರುಮಾಡಿದ, ಕಪ್ಪು ಜನರ ಪತ್ರಿಕೆ ಶಿಕಾಗೊ ಡಿಫೆಂಡರ್ 1956ರವರೆಗೆ ವಾರಪತ್ರಿಕೆ, ಆಮೇಲೆ ಹಲವು ದಶಕ ದಿನಪತ್ರಿಕೆ ಆಗಿತ್ತು. ಗಣಕದಲ್ಲಿ ಹುಡುಕಲು ಸಿಗುವುದು ಬಹಳ ವರ್ಷಗಳ ಮಟ್ಟಿಗೆ ಅದರ ರಾಷ್ಟ್ರೀಯ ಆವೃತ್ತಿ. ನಗರದ ಸಣ್ಣ ಸುದ್ದಿ ಅದರಲ್ಲಿ ಕತ್ತರಿಸಿಹೋಗಿರಬಹುದು. ಪದದಿಂದ ಹುಡುಕುವುದಕ್ಕಿಂತ ಬೀದಿಯ ಹೆಸರು, ಮನೆಸಂಖ್ಯೆಯಿಂದ ಹುಡುಕುವುದೇ ಫಲ ಕೊಡುತ್ತದೆ. 1919ರ ಜುಲೈ 27ರಂದು ಶುರುವಾದ ಗಲಭೆಯಲ್ಲಿ 38 ಜನ ಸತ್ತರು, ಅವರಲ್ಲಿ 23 ಮಂದಿ ಕಪ್ಪು ಜನ. 537 ಮಂದಿ ಗಾಯಗೊಂಡರು. ತನಿಖಾ ಆಯೋಗದ 1922ರ ವರದಿ ಇನ್ನೊಂದು ಅಂಕಿ ಕೊಡುತ್ತದೆ: 1917ರ ಜುಲೈನಿಂದ 1921ರ ಮಾರ್ಚಿನ ನಡುವೆ ಕಪ್ಪು ಜನರ ಮನೆಗಳ ಮೇಲೂ ಅವರಿಗೆ ಮನೆ ಮಾರಿದವರ ಮೇಲೂ ಬಿದ್ದ ಬಾಂಬು 58. ಈ ಸ್ಫೋಟಗಳ ವಿಳಾಸಗಳನ್ನು ಕರಾರಿಗೆ ಸಹಿ ಹಾಕದವರ ಪಟ್ಟಿಯೊಂದಿಗೆ ಒಂದೇ ನಕ್ಷೆಯಲ್ಲಿ ಇಡುವ ಆಸೆಯಾಗುತ್ತದೆ. ತಾರೀಕು ನೋಡಿಕೊಳ್ಳಿ; ಬಾಂಬು ಮೊದಲು, ಹೆಚ್ಚಿನ ಕರಾರುಗಳು 1927ರ ನಂತರ. ಬಾಂಬು ಮಾಡದಿದ್ದ ಕೆಲಸಕ್ಕೆ ಕರಾರು ಬಂತೇ ಎಂಬುದು ಕೇಳಬಹುದಾದ ಪ್ರಶ್ನೆ. ಕರಾರು ಮುರಿದದ್ದಕ್ಕೆ ಬಾಂಬು ಎಂದು ಬರೆದರೆ ಕಾಲ ತಿರುಗುಮುರುಗು.

ಇಷ್ಟಾದ ಮೇಲೆ ಕೆಂಪು ನಕ್ಷೆ. ಬಣ್ಣಕ್ಕಿಂತ ಅದರ ಜೊತೆಗಿರುವ ಪ್ರದೇಶ ವಿವರಣೆಯ ನಮೂನೆಯನ್ನು ಓದಿ. ಮೂಲ ಪ್ರತಿಗಳು ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ದಾಖಲೆ ವರ್ಗ 195. ಅದರಲ್ಲಿ ‘ನೀಗ್ರೊ’ ಎಷ್ಟು ಶೇಕಡಾ, ವಿದೇಶಿ ಕುಟುಂಬ ಎಷ್ಟು, ಯಾರ ‘ನುಸುಳುವಿಕೆ’ ಇದೆ ಎಂಬ ಕಲಮುಗಳಿವೆ. ‘ನುಸುಳುವಿಕೆ’ ಎಂದು ಬರೆದಿರುವ ಬ್ಲಾಕಿನಲ್ಲಿ ನಿಮ್ಮ ಕೋಷ್ಟಕದ ಪ್ರಕಾರ ಎಷ್ಟು ಕುಟುಂಬ ಇದ್ದವು, ಯಾವಾಗ ಬಂದವು, ಎಷ್ಟಕ್ಕೆ ಕೊಂಡವು ಎಂದು ಈಗ ನೀವು ಹೇಳಬಲ್ಲಿರಿ. ಜೊತೆಗೆ 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್‌ನ 1938ರ ಕೈಪಿಡಿ: ಸಾಲಕ್ಕೆ ವಿಮೆ ಕೊಡಲು ಜನಾಂಗ ನಿರ್ಬಂಧದ ಕರಾರು ಇರುವುದು ಒಳ್ಳೆಯದು ಎಂದು ಅದು ಸಲಹೆ ಮಾಡಿತು. ನನ್ನ ಮಟ್ಟಿಗೆ ಬಣ್ಣದ ನಕ್ಷೆಗಿಂತ ಈ ಕೈಪಿಡಿಯ ತೂಕ ದೊಡ್ಡದು, ಏಕೆಂದರೆ ಅದು ನೆರೆಹೊರೆಯವರ ಪೂರ್ವಗ್ರಹವನ್ನು ಸರ್ಕಾರಿ ಹಣಕ್ಕೆ ಕಟ್ಟಿತು.

ಮಾತು, ಮತ್ತು ಉದ್ಯೋಗ

ಹಳಬರ ಮಾತು ದಾಖಲಿಸುವುದನ್ನು ಕಾಗದದ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳುತ್ತೇನೆ. ಆಗ ‘ಆ ಕಾಲದಲ್ಲಿ ಹೇಗಿತ್ತು’ ಎಂಬ ಹುಸಿ ಪ್ರಶ್ನೆಯ ಬದಲು ‘ಮೂಲೆಮನೆಯವರು ಸಹಿ ಹಾಕಿರಲಿಲ್ಲವಂತೆ, ಯಾರವರು’ ಎಂದು ಕೇಳಬಹುದು. ಧ್ವನಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ. ಒಂದು ಗಂಟೆಯ ಮಾತು ಬರಹಕ್ಕಿಳಿಯಲು ಆರೇಳು ಗಂಟೆ. 2019ರಿಂದ ಅಮೆರಿಕದ ಸಂಶೋಧನಾ ನೀತಿ ನಿಯಮಗಳು ಮೌಖಿಕ ಇತಿಹಾಸವನ್ನು ಹೊರಗಿಟ್ಟಿವೆ, ಆದರೂ ನಿಮ್ಮ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ತರಿಸಿಕೊಳ್ಳಿ, ಪ್ರಕಾಶಕರು ಕೇಳುತ್ತಾರೆ.

ವೃತ್ತಿಯ ವಿಷಯ ಚಿಕ್ಕದಾಗಿ ಹೇಳಬಹುದು. ಅಲ್ಲಿ ಪಿಎಚ್.ಡಿ.ಗೆ ಆರೇಳು ವರ್ಷ: ಎರಡು ವರ್ಷ ಪಾಠ, ಒಂದು ವರ್ಷ ಓದುಪಟ್ಟಿಯ ಪರೀಕ್ಷೆ, ಉಳಿದದ್ದು ಇದೇ ಧೂಳು. ಕಾಯಂ ಹುದ್ದೆ ಅರ್ಜಿದಾರರಿಗಿಂತ ತೀರಾ ಕಡಿಮೆ. ಆದರೆ ನಿವೇಶನ ಮಟ್ಟದ ಕೋಷ್ಟಕ, ನಕ್ಷೆ ಮಾಡಬಲ್ಲವರಿಗೆ ವಸ್ತುಸಂಗ್ರಹಾಲಯ, ನಗರಪಾಲಿಕೆ, ವಸತಿ ತಾರತಮ್ಯದ ಮೊಕದ್ದಮೆ ನಡೆಸುವ ವಕೀಲರು, ಇವರೂ ಕೆಲಸ ಕೊಡುತ್ತಾರೆ. ಕೋರ್ಟಿನ ಕೆಲಸಕ್ಕೆ ಹೋಗುವವರ ಕೋಷ್ಟಕದ ಪ್ರತಿ ಸಾಲಿಗೂ ದಸ್ತಾವೇಜು ಸಂಖ್ಯೆ ಇರಲೇಬೇಕು. ಎದುರು ವಕೀಲ ಮೊದಲು ಕೇಳುವುದು ಅದನ್ನೇ.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತವರು ಅರ್ಧ ಕೆಲಸ ಅಲ್ಲಿಂದಲೇ ಮುಗಿಸಬಹುದು: ಗಣತಿ ಹಾಳೆ, ಬಣ್ಣದ ಅಗ್ನಿವಿಮೆ ನಕ್ಷೆ, ಕೆಂಪು ನಕ್ಷೆ, ಮಿನೆಸೋಟ ವಿಶ್ವವಿದ್ಯಾಲಯದ ಎನ್‌ಎಚ್‌ಜಿಐಎಸ್ ತಾಣದ ಹಳೆಯ ಗಣತಿಗಳ ಅಂಕಿಅಂಶ, ಇವೆಲ್ಲ ಉಚಿತ. ಹೋಗಲೇಬೇಕಾದದ್ದು ಟ್ರ್ಯಾಕ್ಟ್ ಪುಸ್ತಕಕ್ಕೆ, ನ್ಯಾಯಾಲಯದ ಕಡತಕ್ಕೆ, ಮತ್ತು ಮೂರು ಸಂಗ್ರಹಗಳಿಗೆ: ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಶಾಖೆಯಲ್ಲಿರುವ, ಕಪ್ಪು ಜನರ ಹಕ್ಕುಗಳಿಗಾಗಿ ದುಡಿದ ಅರ್ಬನ್ ಲೀಗ್ ಸಂಸ್ಥೆಯ ದಾಖಲೆ, ಶಿಕಾಗೊ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಕಪ್ಪು ಪತ್ರಿಕೆಗಳಿಗೆ ಸುದ್ದಿ ಸಂಸ್ಥೆ ನಡೆಸಿದ ಕ್ಲಾಡ್ ಬಾರ್ನೆಟ್ ಅವರ ಕಾಗದಪತ್ರ, ವುಡ್ಸನ್ ಗ್ರಂಥಾಲಯದಲ್ಲಿ ಕಪ್ಪು ಜನರ ಇತಿಹಾಸದ ವಿವಿಯನ್ ಹಾರ್ಷ್ ಸಂಗ್ರಹ. ಮೂರು ವಾರ ಇಟ್ಟುಕೊಳ್ಳಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ಪ್ರತಿ ಕಡತದ ಫೋಟೊ ತೆಗೆಯುವ ಮೊದಲು ಪೆಟ್ಟಿಗೆ ಮತ್ತು ಕಡತದ ಸಂಖ್ಯೆಯ ಚೀಟಿಯದೊಂದು ಫೋಟೊ. ಅದೇ ರಾತ್ರಿ ಫೋಟೊಗಳಿಗೆ ಟ್ರೋಪಿ ಎಂಬ ಫೋಟೊ ಜೋಡಿಸುವ ತಂತ್ರಾಂಶದಲ್ಲಿ ಹೆಸರಿಟ್ಟು ಮಲಗಿ. ಟ್ರ್ಯಾಕ್ಟ್ ಪುಸ್ತಕ ಮೊದಲ ವಾರ, ಏಕೆಂದರೆ ನ್ಯಾಯಾಲಯದಲ್ಲಿ ಕೇಳಬೇಕಾದ ಹೆಸರುಗಳು ಅದರಿಂದಲೇ ಬರಬೇಕು. ಮೊಕದ್ದಮೆ ಕಡತಗಳನ್ನು ಬೇರೆ ಗೋದಾಮಿನಿಂದ ತರಿಸುತ್ತಾರೆ, ದಿನಗಟ್ಟಲೆ ಹಿಡಿಯುತ್ತದೆ. ಎರಡನೆಯ ವಾರದ ಸೋಮವಾರವೇ ಚೀಟಿ ಕೊಟ್ಟು, ಕಾಯುವ ಹೊತ್ತಿನಲ್ಲಿ ಸಂಗ್ರಹಗಳಿಗೆ ಹೋಗಿ. ಕೊನೆಯ ಎರಡು ದಿನ ಏನನ್ನೂ ನಿಗದಿ ಮಾಡಬೇಡಿ. ತಪ್ಪು ಬರೆದುಕೊಂಡ ದಸ್ತಾವೇಜು ಸಂಖ್ಯೆ ಒಂದಾದರೂ ಇದ್ದೇ ಇರುತ್ತದೆ, ಅದಕ್ಕೆ ಮತ್ತೆ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂರಬೇಕಾಗುತ್ತದೆ.